ಎದ್ದು ನಿಲ್ಲುವವರ ದೋಣಿ

ಬೆಳಗೋಡಿನ ತನುಜಾಗೆ ಸಿಟ್ಟು ಬರಿಸಲು ಯಾರೂ ಹೆಚ್ಚು ಶ್ರಮ ಪಡಬೇಕಾಗಿರಲಿಲ್ಲ. ಕಾಫಿ ತೋಟದ ನಡುವೆ ಕೂತು ದೋಣಿಯ ಕೆಲಸ ಹೇಗಮ್ಮ ಮಾಡ್ತೀಯ ಎಂದು ಕೇಳಿದರೆ ಸಾಕಿತ್ತು. ಈ ಪ್ರಶ್ನೆಯನ್ನು ಬಸ್ಸಿನ ಕಂಡಕ್ಟರ್ ಕೇಳಿದ್ದ, ಸೊಸೈಟಿಯ ಗುಮಾಸ್ತ ಕೇಳಿದ್ದ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತ ಹೆಂಗಸರಂತೂ ಒಬ್ಬರೂ ಬಿಡದೆ ಕೇಳಿದ್ದರು. ಮೊದಮೊದಲು ಅವಳು ತಾಳ್ಮೆಯಿಂದ ವಿವರಿಸುತ್ತಿದ್ದಳು. ಆಮೇಲಾಮೇಲೆ, ನಕ್ಷೆ ಬರೆಯೋಕೆ ಒದ್ದೆಯಾಗಬೇಕಾಗಿಲ್ಲ ಎಂದಷ್ಟೇ ಹೇಳಿ ಎಲೆಯ ಮೇಲಿನ ಪಲ್ಯಕ್ಕೆ ಕೈ ಹಾಕುತ್ತಿದ್ದಳು.

ಅವಳು ಆಲೂರಿನ ಬಟ್ಟೆ ಅಂಗಡಿಯವರ ಮಗಳು. ಹಟ ಹಿಡಿದು ಕೊಚ್ಚಿಗೆ ಹೋಗಿ ಹಡಗು ಕಟ್ಟುವ ವಿದ್ಯೆ ಓದಿದಳು. ಕರಾವಳಿಯಲ್ಲಿ ಮೀನುಗಾರರ ದೋಣಿಗಳಿಗೆ ನಕ್ಷೆ ಮಾಡಿಕೊಡುವ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಮದುವೆಯಾದ ಮೇಲೆ ಆ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡು ಬೆಳಗೋಡಿನ ಗಂಡನ ಮನೆಗೆ ಬಂದಳು. ಒಂದು ದೋಣಿ ಗಾಳಿಗೆ ಎಷ್ಟು ವಾಲುತ್ತದೆ, ವಾಲಿದ್ದು ಹೇಗೆ ಏಳುತ್ತದೆ, ಎಲ್ಲಿಂದ ಆಚೆಗೆ ಏಳುವುದೇ ಇಲ್ಲ ಎನ್ನುವುದನ್ನು ಲೆಕ್ಕ ಹಾಕಿ ಹೇಳುವುದು ಅವಳ ಕೆಲಸ. ಕರೆಂಟ್ ಇದ್ದರೆ ಕಂಪ್ಯೂಟರಿನಲ್ಲಿ ಹಾಕುತ್ತಾಳೆ, ಇಲ್ಲದಿದ್ದರೆ ಊರವರ ಮೇಲೆ ರೇಗುತ್ತ ಕೂರುತ್ತಾಳೆ.

ಅತ್ತೆ ಕಲ್ಯಾಣಮ್ಮನದು ಬೇರೆಯೇ ಸಂಕಟ. ದಿನಾ ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವ ಮನೆ, ಮೊಟ್ಟೆಯೂ ಹೊಸಿಲು ದಾಟಿದ್ದಿಲ್ಲ. ಆ ಮನೆಯ ಸೊಸೆ ಬೆಳಗಿಂದ ಸಂಜೆಯವರೆಗೆ ಮೀನು ಹಿಡಿಯುವವರ ಬಗ್ಗೆ ಫೋನಿನಲ್ಲಿ ಮಾತಾಡುತ್ತಾಳೆ! ನೆಂಟರ ಮುಂದೆ ಅವರು ಯಾವತ್ತೂ ದೋಣಿ ಎಂದವರಲ್ಲ, ಹಡಗು ಎಂದೇ ಹೇಳುತ್ತಿದ್ದರು. ಹಡಗಿನಲ್ಲಿ ಮೀನಿಲ್ಲ ಎಂದು ಯಾರು ಹೇಳಿದರೋ ಗೊತ್ತಿಲ್ಲ.

ಹೀಗಿರುವಾಗ ಸಕಲೇಶಪುರದ ಅಬ್ಬಾಸ್ ಸಾಹೇಬರು ಒಂದು ದಿನ ಮನೆಗೆ ಬಂದರು. ಕಾಫಿ, ಮೆಣಸಿನ ವ್ಯಾಪಾರ ಅವರದು, ಲಾರಿಗಳೂ ಇದ್ದವು. ಆಲೂರಿನ ಕಡೆ ಹೇಮಾವತಿಯ ಹಿನ್ನೀರಿನಲ್ಲಿ ಮೀನು ಹಿಡಿಯುವ ಗುತ್ತಿಗೆ ಹಿಡಿದಿದ್ದರು. ತೆಪ್ಪದಲ್ಲಿ ಹೋದರೆ ಗಾಳಿ ಎದ್ದಾಗ ಆಚೆ ದಡದ ಬಲೆಗೆ ಮುಟ್ಟುವುದೇ ಆಗುವುದಿಲ್ಲ, ಒಂದು ಸಣ್ಣ ದೋಣಿಗೆ ನಕ್ಷೆ ಮಾಡಿಕೊಡಮ್ಮ ಎಂದು ಕೇಳಿದರು. ತನುಜಾಗೆ ಹಿಗ್ಗು. ಮದುವೆಯಾದಾಗಿನಿಂದ ಕಣ್ಣಿಗೆ ಕಾಣದ ನೀರಿಗೆ ದೋಣಿ ಬರೆದವಳಿಗೆ ತನ್ನ ಊರ ನೀರಿಗೇ ಒಂದು ಬರೆಯುವ ಭಾಗ್ಯ ಬಂದಿತ್ತು.

ಲೆಕ್ಕ ಮುಗಿದ ಮೇಲೆ ಮರದಲ್ಲಿ ಮೊಳದುದ್ದದ ಮಾದರಿ ಮಾಡಿಸಿ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯಲ್ಲಿ ಹಣ್ಣು ತೊಳೆಯುವ ತೊಟ್ಟಿಗೆ ನೀರು ಬಿಟ್ಟು ತೇಲಿಸಿದಳು. ಒಳಗೆ ಕಬ್ಬಿಣದ ನಟ್ಟುಗಳನ್ನು ಅಲ್ಲಿ ಇಲ್ಲಿ ಇಟ್ಟು, ಬೆರಳಲ್ಲಿ ಒಂದು ಪಕ್ಕಕ್ಕೆ ಒತ್ತಿ ಬಿಟ್ಟು, ಅದು ಪಟಪಟ ಅಲ್ಲಾಡಿ ನೆಟ್ಟಗಾಗುವುದನ್ನು ನೋಡುವುದು. ತೋಟದ ಆಳುಗಳೆಲ್ಲ ತೊಟ್ಟಿಯ ಸುತ್ತ ನಿಂತು ನೋಡಿದರು. ಅಮ್ಮೋರು ಈ ವಯಸ್ಸಲ್ಲಿ ದೋಣಿ ಆಟ ಆಡ್ತಾವ್ರೆ ಎಂಬ ಸುದ್ದಿ ಸಂಜೆಯೊಳಗೆ ಯಸಳೂರಿನವರೆಗೂ ಹೋಯಿತು.

ಕರಾವಳಿಯಲ್ಲಿ ಫೈಬರಿನಲ್ಲಿ ಕಟ್ಟಿದ ದೋಣಿ ಮಳೆಗಾಲ ಇಳಿಯುವ ಹೊತ್ತಿಗೆ ಲಾರಿ ಮೇಲೆ ಘಾಟಿ ಹತ್ತಿ ಬಂತು. ಅದನ್ನು ನಡೆಸಲು ಅಬ್ಬಾಸ್ ಇಬ್ಬರನ್ನು ಇಟ್ಟುಕೊಂಡಿದ್ದರು. ಬೋರಯ್ಯ ಐವತ್ತು ದಾಟಿದವನು, ಕುಳ್ಳಯ್ಯ ಅವನ ಭಾವಮೈದ. ಇಬ್ಬರೂ ಹುಟ್ಟಿ ಬೆಳೆದದ್ದು ಕಲ್ಯಾಣಮ್ಮನವರ ತೋಟದಲ್ಲಿ ಆಳುಗಳಿಗೆಂದು ಕಟ್ಟಿಸಿದ ಲೈನ್ ಮನೆಯಲ್ಲಿ. ಹೊಳೆಯಲ್ಲಿ ಗಾಳ ಹಾಕುತ್ತ, ತೆಪ್ಪಕ್ಕೆ ಹುಟ್ಟು ಹಾಕುತ್ತ ಮೀನಿನ ರುಚಿ ಹತ್ತಿ, ತೋಟದ ಕೆಲಸ ಬಿಟ್ಟು ನೀರಿಗಿಳಿದವರು.

ತೋಟ ಬಿಟ್ಟರೂ ತೋಟದ ಅಭ್ಯಾಸ ಬಿಟ್ಟಿರಲಿಲ್ಲ. ತನುಜಾ ಕಣ್ಣಿಗೆ ಬಿದ್ದರೆ ಇಬ್ಬರೂ ಎಲ್ಲಿದ್ದರೂ ಎದ್ದು ನಿಲ್ಲುತ್ತಿದ್ದರು. ಊಟಕ್ಕೆ ಕೂತಿದ್ದರೆ ತಟ್ಟೆ ಕೆಳಗಿಟ್ಟು ಏಳುತ್ತಿದ್ದರು, ಬಲೆ ನೇಯುತ್ತಿದ್ದರೆ ಬಲೆ ಬಿಟ್ಟು ಏಳುತ್ತಿದ್ದರು. ಕೂತ್ಕೊಳ್ಳಿ ಎಂದರೆ ಇರಲಿ ಬುಡಿ ಅಮ್ಮ ಎನ್ನುತ್ತಿದ್ದರು. ಅವಳಿಗೆ ಇದು ಕಾಲಿಗೆ ಚುಚ್ಚಿದ ಮುಳ್ಳು. ಒಮ್ಮೆ ಅತ್ತೆಯ ಹತ್ತಿರ ರೇಗಿಯೂ ಇದ್ದಳು. ಸಾಹುಕಾರರು ಬಂದಾಗ ಆಳು ಎದ್ದು ನಿಲ್ಲದೆ ಇನ್ನೇನು ಮಲಗಿರ್ತಾನಾ, ಮಾವನೋರ ಕಾಲದಲ್ಲಿ ಲೆಕ್ಕ ಬರೆಯೋ ರೈಟರ್ ಬಂದರೂ ಏಳೋರು ಎಂದು ಕಲ್ಯಾಣಮ್ಮ ಹೆಮ್ಮೆಯಿಂದಲೇ ಹೇಳಿದ್ದರು. ಅಲ್ಲಿಗೆ ಆ ಮಾತು ಮುಗಿದಿತ್ತು.

ದೋಣಿ ನೀರಿಗಿಳಿದ ಮಾರನೇ ದಿನವೇ ದೂರು ಶುರುವಾಯಿತು. ಅದು ಎಗರುತ್ತದಂತೆ. ಕಾಲಿಟ್ಟರೆ ಸರಕ್ಕನೆ ವಾಲಿ ಸರಕ್ಕನೆ ಏಳುತ್ತದಂತೆ, ಅಲೆ ಬಂದರೆ ಸೊಂಟ ಮುರಿಯುತ್ತದಂತೆ. ಲಾರಿಯಷ್ಟೇ ಗೊತ್ತಿದ್ದ ಅಬ್ಬಾಸ್ ಸಾಹೇಬರು ಫೋನು ಮಾಡಿ, ಇದಕ್ಕೆ ಶಾಕ್ ಅಬ್ಸಾರ್ಬರ್ ಹಾಕಿಸಕ್ಕಾಗುತ್ತಾ ಎಂದು ಕೇಳಿದರು. ತನುಜಾ ಹಣೆ ಹಣೆ ಚಚ್ಚಿಕೊಂಡಳು. ಬೇಗ ಬೇಗ ಎದ್ದು ನಿಲ್ಲುವುದೇ ದೋಣಿಯ ಆರೋಗ್ಯ, ನಿಧಾನವಾಗಿ ಹಿತವಾಗಿ ತೂಗುವ ದೋಣಿಯೇ ಮಗುಚುವ ದೋಣಿ ಎಂದು ಬಾಯಿ ನೋಯುವಷ್ಟು ಹೇಳಿದಳು. ಚಿತ್ರ ಬರೆದು ಕಳಿಸಿದಳು. ಅಬ್ಬಾಸ್ ಚಿತ್ರಕ್ಕೆ ಒಂದು ಹೆಬ್ಬೆರಳು ಎತ್ತಿ ಕಳಿಸಿ ಸುಮ್ಮನಾದರು.

ಅವರ ತಪ್ಪೂ ಅಲ್ಲ ಅನ್ನಿ. ಈ ಗುಡ್ಡದ ಸೀಮೆಯಲ್ಲಿ ಹುಟ್ಟಿದವರಿಗೆ ಗೊತ್ತಿರುವ ವಾಹನ ಜೀಪು. ಖಾಲಿ ಜೀಪು ಹೆತ್ತೂರಿನ ರಸ್ತೆಯಲ್ಲಿ ಕರುಳು ಬಾಯಿಗೆ ಬರುವಂತೆ ಎಗರುತ್ತದೆ. ಅದೇ ಜೀಪಿಗೆ ನಾಲ್ಕು ಮೂಟೆ ಹೇರಿ, ಮೇಲಿನ ಕ್ಯಾರಿಯರಿಗೆ ಇನ್ನೆರಡು ಕಟ್ಟಿ, ಅದು ಹೇಗೆ ಅದುಮಿಕೊಂಡು ಮೆತ್ತಗೆ ಹೋಗುತ್ತದೆ ನೋಡಿ. ಎಗರುವುದಕ್ಕೆ ಮದ್ದು ಲೋಡು. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ.

ಕೆಲವು ದಿನ ಏನೂ ಸುದ್ದಿಯಿಲ್ಲ. ಒಂದು ಮಧ್ಯಾಹ್ನ ತನುಜಾ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಅಬ್ಬಾಸ್ ಫೋನು ಮಾಡಿದರು. ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಏನ್ ದೋಣಿ ಕಣಮ್ಮ ನಿಂದು! ಈಗ ತೊಟ್ಟಿಲು ತೂಗ್ದಂಗೆ ಐತೆ. ಬೋರಯ್ಯ ಅಂತೂ ಅಲ್ಲೇ ನಿದ್ದೆ ಬತ್ತದೆ ಅಂತಾನೆ."

ಹೊಗಳಿಕೆ ಕೇಳಿ ತಣ್ಣಗಾದವರು ಲೋಕದಲ್ಲಿ ಬಹಳ ಮಂದಿ ಇರಬಹುದು, ಭಯದಿಂದ ತಣ್ಣಗಾದವಳು ಇವಳೊಬ್ಬಳೇ ಇರಬೇಕು. ತಾನು ಬರೆದ ದೋಣಿ ತೊಟ್ಟಿಲಿನಂತೆ ತೂಗಲು ಸಾಧ್ಯವೇ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ತೂಗುತ್ತಿದೆ ಎಂದರೆ ಯಾರೋ ಅದರ ಮೇಲೆ ಭಾರ ಏರಿಸಿದ್ದಾರೆ. ಏನು ಮಾಡಿದಿರಿ ಎಂದು ಕೇಳಿದಳು. ನಿಮ್ಮ ಯಜಮಾನರೇ ಬಂದು ಸರಿ ಮಾಡಿಕೊಟ್ಟರಲ್ಲ, ಅವರು ಹೇಳಲಿಲ್ವಾ ಎಂದರು ಅಬ್ಬಾಸ್. ಕಬ್ಬಿಣದ ಪೈಪಿನಲ್ಲಿ ಎದೆ ಮಟ್ಟಕ್ಕೊಂದು ಅಟ್ಟ ಕಟ್ಟಿ, ಅದಕ್ಕೆ ಹಳೇ ಪಲ್ಪರ್ ಯಂತ್ರದ ಕಬ್ಬಿಣದ ಚಕ್ರಗಳನ್ನು ಬಿಗಿದಿದ್ದಾರೆ, ಬಲೆ ಇಡಲಿಕ್ಕೂ ಅನುಕೂಲ ಎಂದು ವಿವರಿಸಿದರು. ಈಗ ಅವರಿಬ್ಬರೂ ಎಲ್ಲಿ ಎಂದಳು. ಆಚೆ ದಡಕ್ಕೆ ಬಲೆ ತೆಗೆಯಲು ಹೊರಟಿದ್ದಾರೆ, ನಾನು ದಡದಲ್ಲೇ ಇದ್ದೀನಿ ಎಂದರು. ಫೋನಿನಲ್ಲಿ ಗಾಳಿಯ ಸದ್ದು ಕೇಳುತ್ತಿತ್ತು.

ಗಂಡ ಚಂದನ್ ಅಂಗಳದಲ್ಲಿ ಪಿಕಪ್ ತೊಳೆಯುತ್ತಿದ್ದ. ಮಾತು ಕಡಿಮೆ, ಕೈ ಕೆಲಸ ಜಾಸ್ತಿ, ಊರಿನವರ ಕೆಟ್ಟ ಮೋಟರುಗಳನ್ನೆಲ್ಲ ಪುಕ್ಕಟೆ ರಿಪೇರಿ ಮಾಡಿಕೊಡುವ ಆಸಾಮಿ. ಹೆಂಡತಿಯ ಮುಖ ನೋಡಿದವನೇ ನೀರಿನ ಪೈಪು ಕೆಳಗಿಟ್ಟ. ಅವಳು ಹತ್ತಿ ಕೂತು, ಹಿನ್ನೀರಿಗೆ ನಡಿ ಎಂದಳು.

ಗೇಟು ದಾಟಿದ ಮೇಲೆ ಶುರುವಾಯಿತು. ಕೇಳದೆ ಏಕೆ ಮುಟ್ಟಿದೆ, ಕೇಳಲು ಬಾಯಿಗೆ ಏನಾಗಿತ್ತು, ನಾನು ಓದಿದ್ದು ದಂಡಕ್ಕಾ, ಕೊನೇಪಕ್ಷ ಭಾರವನ್ನು ತಳಕ್ಕೆ ಹಾಕುವ ಬುದ್ಧಿಯಾದರೂ ಬೇಡವಾ ಎಂದು ಅವಳು ತಿರುವಿನಿಂದ ತಿರುವಿಗೆ ದನಿ ಏರಿಸುತ್ತಲೇ ಹೋದಳು. ತಳದಲ್ಲಿ ಮೀನು ಹಾಕಬೇಕಲ್ಲ, ಅಲ್ಲಿ ಜಾಗ ಎಲ್ಲಿತ್ತು ಎಂದು ಅವನು ಬಹಳ ಸಹಜವಾಗಿ ಕೇಳಿದ. ಅವಳಿಗೆ ಅಳು ಬಂತು, ಸಿಟ್ಟಿಗೆ.

ಒಂದು ಮೈಲಿ ಹೋದ ಮೇಲೆ ಅವನೇ ರಸ್ತೆ ನೋಡುತ್ತ ಹೇಳಿದ. "ಸಂತೇಲಿ ಎಲ್ಲ ನಿನ್ನ ದೋಣಿ ಆಡ್ಕೊಂಡು ನಗ್ತಿದ್ರು ಕಣೇ. ಕುಣಿಯೋ ದೋಣಿ ಅಂತ ಹೆಸರಿಟ್ಬುಟ್ಟಿದ್ರು. ನಂಗೆ ತಡ್ಕೊಳ್ಳಕಾಗ್ಲಿಲ್ಲ."

ಬೈಯಲು ಇನ್ನೂ ಎಷ್ಟೋ ಇತ್ತು. ಆದರೆ ಈ ಮಾತಿನ ಮೇಲೆ ಎಲ್ಲಿಂದ ಬೈಯುವುದು? ಪ್ರೀತಿಯಿಂದ ತಪ್ಪು ಮಾಡುವವರ ಮೇಲೆ ಸಿಟ್ಟು ಮಾಡುವುದರಷ್ಟು ಕಷ್ಟದ ಕೆಲಸ ಬೇರೆ ಇಲ್ಲ, ಅದರಲ್ಲೂ ಅವನು ವೆಲ್ಡಿಂಗ್ ಕೂಡ ಮಾಡಬಲ್ಲವನಾದರೆ. ಜೋರಾಗಿ ಓಡಿಸು ಎಂದಷ್ಟೇ ಹೇಳಿದಳು.

ಹಿನ್ನೀರು ತುಂಬಿ ಬಯಲಾಗಿ ನಿಂತಿತ್ತು. ಪಶ್ಚಿಮದ ಗಾಳಿ ಎದ್ದು ಸಣ್ಣ ಸಣ್ಣ ಅಲೆಗಳು ಬಿಳಿಯಾಗತೊಡಗಿದ್ದವು. ದೋಣಿ ಆಚೆಯಿಂದ ಹೊರಟು ನಡುನೀರಿನಲ್ಲಿ ಈಚೆಗೆ ಬರುತ್ತಿತ್ತು. ಬೋರಯ್ಯ ಹುಟ್ಟು ಹಾಕುತ್ತಿದ್ದ, ಕುಳ್ಳಯ್ಯ ಮುಂದೆ ಕೂತಿದ್ದ. ನೀರು ಕುಡಿದ ಬಲೆಯ ರಾಶಿ ಅಟ್ಟದ ಮೇಲಿತ್ತು. ಇಬ್ಬರ ಫೋನುಗಳೂ ದಡದಲ್ಲಿ ಅಬ್ಬಾಸರ ಜೇಬಿನಲ್ಲಿದ್ದವು, ಮುಂಚೆ ಒಂದು ನೀರಿಗೆ ಬಿದ್ದು ಹಾಳಾದ ಮೇಲೆ ಅದೇ ಪದ್ಧತಿಯಾಗಿತ್ತು.

ಅಬ್ಬಾಸ್ ಸಾಹೇಬರು ಪಿಕಪ್ ಕಂಡವರೇ ಖುಷಿಯಿಂದ ನೀರಿನ ಕಡೆ ತಿರುಗಿ, ಅಮ್ಮ ಬಂದವ್ರೆ ಎಂದು ಕೂಗಲು ಎರಡೂ ಕೈ ಎತ್ತಿದರು.

ತನುಜಾ ಗಾಡಿ ನಿಲ್ಲುವ ಮೊದಲೇ ಹಾರಿದಳು. ಓಡಿಹೋಗಿ ಅವರ ಎತ್ತಿದ ಕೈ ಹಿಡಿದು ಕೆಳಗೆಳೆದು, ಅರವತ್ತು ದಾಟಿದ ಆ ದೊಡ್ಡ ಮನುಷ್ಯನನ್ನು ದಡದ ಲಂಟಾನ ಪೊದೆಯ ಹಿಂದಕ್ಕೆ ತಳ್ಳಿ ತಾನೂ ಕುಕ್ಕರುಗಾಲಲ್ಲಿ ಕೂತಳು. ಏನು ಮಾಡ್ತಿದ್ದೀಯಮ್ಮ ಎಂದು ಅವರು ಗಾಬರಿಯಾದರು.

"ಕೂಗ್ಬೇಡಿ. ನನ್ನ ನೋಡಿದ್ರೆ ಅವ್ರು ಎದ್ದು ನಿಲ್ತಾರೆ," ಎಂದಳು ತನುಜಾ. "ನಿಂತ್ರೆ ಮುಳುಗ್ತಾರೆ."

ಅಬ್ಬಾಸ್ ಇನ್ನಷ್ಟು ತಗ್ಗಿ ಕೂತರು. ಅವರಿಗೂ ತೋಟಗಳು ಗೊತ್ತಿದ್ದವು. ಲೈನ್ ಮನೆಯವರ ಮುಂದೆ ಸಾಹುಕಾರರ ಮನೆಯವರು ಕಾಣಿಸಿಕೊಂಡರೆ ಏನಾಗುತ್ತದೆ ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೀಗೆ, ಜೀವಮಾನದಲ್ಲಿ ಒಂದು ಮಾತನ್ನೂ ನುಂಗಿ ಗೊತ್ತಿಲ್ಲದ ತನುಜಾ ಆ ಮಧ್ಯಾಹ್ನ ಮುಳ್ಳುಪೊದೆಯ ಹಿಂದೆ ಬಾಯಿಗೆ ಸೆರಗು ಹಿಡಿದು ಕೂತಳು. ಒಂದು ಪಕ್ಕದಲ್ಲಿ ಅಬ್ಬಾಸ್, ಇನ್ನೊಂದು ಪಕ್ಕದಲ್ಲಿ ತೆವಳಿಕೊಂಡು ಬಂದ ಚಂದನ್. ಇರುವೆ ಹತ್ತುತ್ತಿತ್ತು. ಎಲೆಗಳ ಸಂದಿಯಿಂದ ದೋಣಿ ಕಾಣುತ್ತಿತ್ತು. ಅಲೆ ಬಂದಾಗ ಅದು ಒಂದು ಪಕ್ಕಕ್ಕೆ ಒರಗುತ್ತಿತ್ತು, ಒರಗಿದಲ್ಲೇ ಯೋಚಿಸುತ್ತ ಇರುತ್ತಿತ್ತು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಎದ್ದು ಇನ್ನೊಂದು ಪಕ್ಕಕ್ಕೆ ಒರಗುತ್ತಿತ್ತು. ನೋಡಲು ನಿಜಕ್ಕೂ ಹಿತವಾಗಿತ್ತು. ತನ್ನ ಕಂಪ್ಯೂಟರಿನ ಪರದೆಯ ಮೇಲೆ ಇಂಥ ದೋಣಿಗಳನ್ನು ತನುಜಾ ಎಷ್ಟೋ ಸಲ ಮಗುಚಿ ಹಾಕಿದ್ದಳು. ಅವುಗಳಲ್ಲಿ ಹುಟ್ಟು ಹಾಕುತ್ತ ಬೀಡಿ ಸೇದುವ ಬೋರಯ್ಯ ಇರುತ್ತಿರಲಿಲ್ಲ.

ಚಂದನ್ ಬಹಳ ಹೊತ್ತು ನೋಡಿ, ಇದು ಏಳೋಕೆ ಇಷ್ಟು ತಡ ಯಾಕೆ ಮಾಡುತ್ತೆ ಎಂದು ಪಿಸುಗುಟ್ಟಿದ. ಇಷ್ಟು ದಿನ ಹೇಳಿದ್ದು ಇದನ್ನೇ ಎಂದು ಅವಳು ಪಿಸುಮಾತಿನಲ್ಲೇ ಬೈದಳು. ಪಿಸುಮಾತಿನಲ್ಲಿ ಬೈಯುವುದು ಅವಳಿಗೆ ಹೊಸದು, ತೃಪ್ತಿಯಾಗಲಿಲ್ಲ.

ದೋಣಿ ಹತ್ತಿರ ಬಂತು. ಇನ್ನು ಹತ್ತು ಮಾರು ಬಂದಿದ್ದರೆ ತಳ ಕೆಸರು ಮುಟ್ಟುತ್ತಿತ್ತು. ಅಷ್ಟರಲ್ಲಿ ಮುಂದೆ ಕೂತಿದ್ದ ಕುಳ್ಳಯ್ಯ ದಡದ ಮೇಲೆ ಪಿಕಪ್ ನೋಡಿದ. ತೋಟದ ಗಾಡಿ. ಗಾಡಿಯಿಂದ ಕಣ್ಣು ಪೊದೆಗೆ ಬಂತು, ಪೊದೆಯ ಮೇಲೆ ಗಾಳಿಗೆ ಹಾರುತ್ತಿದ್ದ ಹಸಿರು ಸೆರಗು ಕಂಡಿತು. ಅವನು ಹಿಂದೆ ತಿರುಗಿ ಬೋರಯ್ಯನಿಗೆ ಏನೋ ಹೇಳಿದ. ಬೋರಯ್ಯ ಬೀಡಿ ನೀರಿಗೆಸೆದು, ಹುಟ್ಟು ಬದಿಗಿಟ್ಟು, ತಲೆಯ ಟವೆಲ್ಲು ತೆಗೆದು ಎದ್ದು ನಿಂತ. ಕುಳ್ಳಯ್ಯನೂ ನಿಂತ.

ಇನ್ನು ಅಡಗುವುದರಲ್ಲಿ ಅರ್ಥವಿರಲಿಲ್ಲ. ತನುಜಾ ಪೊದೆಯಿಂದ ಹೊರಬಿದ್ದು ಕೂತ್ಕೊಳ್ರೋ ಎಂದು ಕಿರುಚಿದಳು. ದೋಣಿ ಅವಸರವೇ ಇಲ್ಲದೆ ಒರಗಿತು. ಒರಗಿ, ಈ ಸಲ ಏಳಲಿಲ್ಲ.

ಕುಳ್ಳಯ್ಯ ಆಚೆ ಬಿದ್ದು ಈಜಿಕೊಂಡು ಮೇಲೆ ಬಂದ. ಬೋರಯ್ಯ ಬರಲಿಲ್ಲ. ನೀರು ಅಲ್ಲಿ ಕುತ್ತಿಗೆ ಮಟ್ಟ ಅಷ್ಟೆ, ಆದರೆ ಅವನು ಅಟ್ಟದ ಅಡಿಯಲ್ಲಿ ಬಲೆಗೆ ಸಿಕ್ಕಿದ್ದ. ಮಗುಚಿದ ದೋಣಿಯ ಬಿಳಿ ಬೆನ್ನು ನೀರಿನ ಮೇಲೆ ಸುಮ್ಮನೆ ತೇಲುತ್ತಿತ್ತು. ಚಂದನ್ ಶರ್ಟು ಸಮೇತ ಧುಮುಕಿ ಹೋಗಿ, ತಾನೇ ಬಿಗಿದ ಪೈಪುಗಳ ಸಂದಿಗೆ ನುಗ್ಗಿ, ಬಲೆ ಹರಿದು ಅವನನ್ನು ಎಳೆದ. ಕುಳ್ಳಯ್ಯ ಇನ್ನೊಂದು ಪಕ್ಕದಿಂದ ಹಿಡಿದ. ತನುಜಾ ಸೊಂಟದವರೆಗೆ ನೀರಿಗಿಳಿದು ನಿಂತಿದ್ದಳು, ಇಳಿದದ್ದು ಅವಳಿಗೇ ಗೊತ್ತಿರಲಿಲ್ಲ.

ದಡಕ್ಕೆ ತಂದು ಹಾಕಿದಾಗ ಬೋರಯ್ಯನ ತುಟಿ ನೀಲಿಯಾಗಿತ್ತು. ಬೆನ್ನು ತಟ್ಟಿದರು, ನೀರು ಕಕ್ಕಿದ, ಕೆಮ್ಮಿದ, ಕಣ್ಣು ಬಿಟ್ಟ. ಎದುರಿಗೆ ನಿಂತ ತನುಜಾಳನ್ನು ನೋಡಿದ. ನೋಡಿ ಕೆಸರಿಗೆ ಎರಡೂ ಕೈ ಊರಿ ಏಳಲು ಹೊರಟ.

ತನುಜಾ ಅವನ ಹೆಗಲ ಮೇಲೆ ಕೈಯಿಟ್ಟು ಒತ್ತಿ ಹಿಡಿದಳು. "ಕೂತ್ಕೊ ಬೋರಯ್ಯ."

"ತಪ್ಪಾಯ್ತು ಅಮ್ಮ. ಕಾಲು ಕೇಳಲ್ಲ, ಅವೇ ಎದ್ಬುಡ್ತವೆ," ಎಂದ ಅವನು. ಹಾಗೆನ್ನುವಾಗಲೂ ಅವಳ ಅಂಗೈಯ ಕೆಳಗೆ ಅವನ ಹೆಗಲು ಮೇಲಕ್ಕೆ ಒತ್ತುತ್ತಲೇ ಇತ್ತು.

ಅಬ್ಬಾಸ್ ಸಾಹೇಬರು ತಮ್ಮ ಶಾಲನ್ನು ಬೋರಯ್ಯನಿಗೆ ಹೊದೆಸಿದರು. ಅವತ್ತು ಶಾಕ್ ಅಬ್ಸಾರ್ಬರಿನ ಮಾತು ಬರಲಿಲ್ಲ. ಚಂದನ್ ಮಗುಚಿದ ದೋಣಿಯನ್ನು ದಡಕ್ಕೆ ಎಳೆಸಿ, ಪಾನಾ ತಂದು, ಯಾರ ಮುಖವನ್ನೂ ನೋಡದೆ ಅಟ್ಟದ ಬೋಲ್ಟುಗಳನ್ನು ಬಿಚ್ಚತೊಡಗಿದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಬೈಗುಳವೆಲ್ಲ ತನುಜಾಳ ಬಾಯಲ್ಲೇ ಉಳಿದಿತ್ತು. ಯಾರಿಗೆ ಬೈಯಬೇಕೋ ಅವರು ಅಲ್ಲಿರಲಿಲ್ಲ, ಫೋಟೋಗಳಾಗಿ ಮನೆಯ ಪಡಸಾಲೆಯಲ್ಲಿ ಹಾರ ಹಾಕಿಸಿಕೊಂಡಿದ್ದರು.

ಸಂಜೆ ಮನೆಗೆ ಬಂದಾಗ ಕಲ್ಯಾಣಮ್ಮ ಒದ್ದೆ ಸೀರೆ ಮೂಸಿ, ಮೊದಲು ಸ್ನಾನ ಎಂದರು. ಸ್ನಾನ ಮಾಡಿ ಬಂದು ತನುಜಾ ಲ್ಯಾಪ್‌ಟಾಪ್ ತೆರೆದಳು. ಪುಣ್ಯಕ್ಕೆ ಕರೆಂಟಿತ್ತು. ದೋಣಿಯ ಲೆಕ್ಕದಲ್ಲಿ ಅವಳು ಇಬ್ಬರು ಆಳುಗಳನ್ನು ಹಲಗೆಯ ಮೇಲೆ ಕೂರಿಸಿದ್ದಳು. ಲೋಕದ ದೋಣಿಗಳಲ್ಲೆಲ್ಲ ಜನ ಕೂತೇ ಇರುತ್ತಾರೆ ಎಂದು ಅವಳಿಗೆ ಕಲಿಸಿದವರು ಯಾರೂ ತೋಟದ ಲೈನ್ ಮನೆ ನೋಡಿದವರಲ್ಲ. ಇವಳು ನೋಡಿದ್ದಳು, ನೋಡಿಯೂ ಕೂರಿಸಿದ್ದಳು.

ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದಳು. ಅದೂ ಒಂದೇ ಪಕ್ಕಕ್ಕೆ, ದಡದ ಕಡೆ ಮುಖ ಮಾಡಿ. ವಾಲಿದ ದೋಣಿಗೆ ಏಳುವ ಬಲ ಎಷ್ಟಿದೆ ಎಂದು ತೋರಿಸುವ ಪರದೆಯ ಮೇಲಿನ ಗೆರೆ ಕೆಳಗೆ ಕುಸಿಯಿತು. ಅಟ್ಟವಿಲ್ಲದಿದ್ದರೂ, ಗಾಳಿ ಜೋರಾದ ದಿನ ಅವಳ ಆ ಗಟ್ಟಿ ದೋಣಿಯೂ ಇವರ ಮರ್ಯಾದೆಯನ್ನು ತಾಳುತ್ತಿರಲಿಲ್ಲ. ಎರಡೂ ಪಕ್ಕಕ್ಕೆ ಉದ್ದಕ್ಕೆ ಗಾಳಿ ತುಂಬಿದ ಫೈಬರ್ ಡಬ್ಬಿ ಕೂರಿಸಿ ದೋಣಿಯನ್ನು ಒಂದೊಂದು ಗೇಣು ಅಗಲ ಮಾಡಿ ನೋಡಿದಳು. ಗೆರೆ ಮೇಲಕ್ಕೆ ಬಂತು.

ಚಂದನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅಗಲ ಮಾಡೋದು ಯಾಕೆ, ನಾಳೆಯಿಂದ ದೋಣೀಲಿ ಏಳಬೇಡಿ ಅಂತ ಅವರಿಗೆ ಹೇಳಿದರೆ ಸಾಲದಾ ಎಂದು ಮೆಲ್ಲಗೆ ಕೇಳಿದ.

"ನಿಮ್ಮಜ್ಜ, ನಿಮ್ಮಪ್ಪ ಸೇರ್ಕೊಂಡು ನಿಲ್ಸಿರೋರನ್ನ ನಾನು ಒಂದು ಮಾತಲ್ಲಿ ಕೂರುಸ್ತೀನಾ?" ಎಂದಳು ತನುಜಾ, ಪರದೆಯಿಂದ ಕಣ್ಣು ತೆಗೆಯದೆ. "ಅವ್ರು ಕೂರೋಕೆ ಕಲಿಯೋವರ್ಗೂ ನಿಂತ್ಕೊಂಡೇ ಬದುಕ್ಲಿ."

ಅಗಲವಾದರೆ ಅದು ಇನ್ನೂ ಜಾಸ್ತಿ ಎಗರುತ್ತಲ್ವಾ ಎಂದು ಅವನು ಅನುಮಾನಿಸಿದ. ಮದುವೆಯಾದ ಮೇಲೆ ದೋಣಿಯ ಬಗ್ಗೆ ಅವನು ಸರಿಯಾಗಿ ಹೇಳಿದ ಮೊದಲ ಮಾತು ಅದು.

"ಎಗರ್ಲಿ," ಎಂದಳು.